ಟವೆಲ್ಲಿನ ಹೊರಗೆ ಹೇಳಿದ ಬೆಲೆ

ನನ್ನ ದೊಡ್ಡ ಮಗಳು ಮಾತಾಡುವಾಗ ಉಗ್ಗುತ್ತಾಳೆ. ಹಿಂದೂಪುರದ ಶಾಲೆಯಲ್ಲಿ ಅವಳು ಬಾಯಿ ತೆರೆದರೆ ಸಾಕು, ತರಗತಿಯೆಲ್ಲ ನಗುತ್ತಿತ್ತು. ಕಲ್ಯಾಣದುರ್ಗಕ್ಕೆ ಬಂದ ಮೇಲೆ ಇಬ್ಬರು ಹೆಣ್ಣುಮಕ್ಕಳಿಗೂ ಮನೆಯಲ್ಲೇ ಪಾಠ ಹೇಳತೊಡಗಿದೆ. ನಗುವವರು ಇಲ್ಲವಾದರು, ಜೊತೆಗೆ ಅವಳ ಮಾತೂ ಇಲ್ಲವಾಯಿತು. ಯಾರು ಏನು ಕೇಳಿದರೂ ಅವಳ ಬದಲು ತಂಗಿಯೇ ಪಟಪಟ ಉತ್ತರ ಕೊಡುವಳು. ಹೀಗೇ ಬಿಟ್ಟರೆ ಇವಳು ಹೊರಗಿನವರೊಡನೆ ಎಂದೂ ಮಾತಾಡಲಾರಳೆಂದು ನನಗೆ ಭಯ ಹತ್ತಿತು.

ವ್ಯಾಪಾರ ಕಲಿಸುವ ನೆಪ ಹೂಡಿದ್ದು ಅದಕ್ಕೇ. ಕಂಬದೂರಿನಿಂದ ಎರಡು ಟಗರುಮರಿ ತಂದುಕೊಟ್ಟೆ. ಮೇವು, ಔಷಧಿ, ಖರ್ಚಿನ ಲೆಕ್ಕ ಇಬ್ಬರದೂ. ಸಂತೆಯಲ್ಲಿ ಮಾರುವುದು ಮಾತ್ರ ದೊಡ್ಡವಳೇ ಎಂದೆ. ಅವಳು ಮುಖ ಸಣ್ಣದು ಮಾಡಿಕೊಂಡೇ ಒಪ್ಪಿದಳು. ಮರಿಗಳು ಚೆನ್ನಾಗಿ ಮೈ ತುಂಬಿಕೊಂಡವು.

ನಾನೆಂಥ ದಡ್ಡಿ! ಕುರಿಸಂತೆಯಲ್ಲಿ ಬೆಲೆ ಕುದುರಿಸುವುದು ಬಾಯಲ್ಲಲ್ಲ, ಬೇರೆಯವರಿಗೆ ತಿಳಿಯದಂತೆ ಟವೆಲ್ಲಿನಡಿ ಬೆರಳು ಹಿಡಿದು ಎಂಬುದೇ ನನಗೆ ನೆನಪಿರಲಿಲ್ಲ. ಸಂತೆಯಲ್ಲಿ ಮರಿಗಳನ್ನು ಹಿಡಿದು ನಿಂತಾಗ ವ್ಯಾಪಾರಿಯೊಬ್ಬ ಟವೆಲ್ ಹೊದಿಸಿದ ಕೈ ಚಾಚಿದ. ಮಗಳು ಒಳಗೆ ಕೈಯಿಟ್ಟಳು. ಮಾತಾಡಬೇಕಿಲ್ಲವೆಂದು ಅವಳ ಮುಖದಲ್ಲಿ ಮೂಡಿದ ನೆಮ್ಮದಿ ಕಂಡು ನನಗೆ ಸಂಕಟವಾಯಿತು.

ಅವನು ತೀರಾ ಕಡಿಮೆಗೆ ಕೇಳಿದನೆಂದು ಕಾಣುತ್ತದೆ, ಅವಳು ತಲೆಯಲ್ಲಾಡಿಸಿದಳು. ಅವನು ಬಿಡದೆ ಮತ್ತೆ ಬೆರಳು ಅದುಮಿದ. ಅವಳು ಕೈ ಕಿತ್ತುಕೊಂಡು, "ಒ... ಒ..." ಎಂದು ಶುರು ಮಾಡಿದಳು.

"ಚೆಪ್ಪೊದ್ದು ತಲ್ಲಿ! ಬಾಯಲ್ಲಿ ಹೇಳ್ಬಾರ್ದು ಕಣಮ್ಮ!" ಎಂದು ವ್ಯಾಪಾರಿ ಗಾಬರಿಯಾದ.

ತಂಗಿ ಬಾಯಿ ಹಾಕಲು ಹೊರಟಳು. ಅವಳ ರಟ್ಟೆ ಹಿಡಿದು ನಿಲ್ಲಿಸಿದೆ. ದೊಡ್ಡವಳ ಕುತ್ತಿಗೆಯ ನರ ಉಬ್ಬಿತ್ತು.

"ಒಂ... ಒಂಬತ್ತು ಸಾವಿರ. ಒಂದಕ್ಕೆ."

ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. "ಸಂತೇನೇ ಕೆಡಿಸ್ಬುಟ್ಯಲ್ಲಮ್ಮ! ಇನ್ನು ಮಾರೋರೆಲ್ಲ ಅದೇ ರೇಟ್ ಕೇಳ್ತಾರೆ" ಎಂದು ವ್ಯಾಪಾರಿ ಟವೆಲ್ ಕೊಡವಿಕೊಂಡು ಹೋದ. ಪಕ್ಕದಲ್ಲಿ ಕುರಿ ಕೊಳ್ಳುತ್ತಿದ್ದವರೂ ಬೈದರು. ಮಧ್ಯಾಹ್ನದವರೆಗೆ ನಿಂತರೂ ನಮ್ಮತ್ತ ಯಾರೂ ಸುಳಿಯಲಿಲ್ಲ.

ಮರಿಗಳನ್ನು ಮತ್ತೆ ಆಟೋಗೆ ಹತ್ತಿಸಿದೆವು. ತಂಗಿ ಮುನಿಸಿಕೊಂಡು ಕೂತಳು. ಎಲ್ಲ ನಾನೇ ಹಾಳು ಮಾಡಿದೆನೆಂದು ನನಗೆ ಅಳುವೇ ಬರುವಂತಿತ್ತು. ದೊಡ್ಡವಳ ಕೈ ಹಿಡಿದು, "ಬೈದ್ರು ಅಂತ ಬೇಜಾರಾಯ್ತೇನಮ್ಮ?" ಎಂದೆ.

ಅವಳು ಬಹಳ ಹೊತ್ತು ತಡವರಿಸಿದಳು. ಈ ಸಲ ತಂಗಿಯೂ ಸುಮ್ಮನೆ ಕಾದಳು.

"ರೇ... ರೇಟ್ ಹೇಳಿದ್ದಕ್ಕೆ ಬೈದ್ರು ಕಣಮ್ಮ. ನಾನು ಮಾ... ಮಾತಾಡಿದ್ದಕ್ಕೆ ಯಾರೂ ನಗ್ಲಿಲ್ಲ."