ಗಂಗಾನಗರದ ಕೆಂಪು ಚುಕ್ಕೆ

ರೋಗ ಬಿದ್ದ ಮರಗಳನ್ನು ಮೊಬೈಲ್ ಮ್ಯಾಪಿನಲ್ಲಿ ಗುರುತಿಸುವುದು ನನ್ನ ಕೆಲಸ. ಮರದ ಬುಡದಲ್ಲೇ ನಿಂತು ಬಟನ್ ಒತ್ತಬೇಕು, ನಿಂತ ಜಾಗಕ್ಕೆ ಕೆಂಪು ಚುಕ್ಕೆ ಬೀಳುತ್ತದೆ. ಗಂಗಾನಗರದ ಆ ದೊಡ್ಡ ಮಳೆಮರದ ಕೆಳಗೆ ಸಿಗ್ನಲ್ಲೇ ಸಿಗಲಿಲ್ಲ. ಕಾದು ಬೇಜಾರಾಗಿ, ಎದುರುಮನೆಯ ಗೇಟಿನ ಹತ್ತಿರ ನಿಂತು ಒತ್ತಿಬಿಟ್ಟೆ.

ಆ ಮನೆಯ ಯಜಮಾನರು ಪೇಪರ್ ಮಡಚಿಟ್ಟು ಬಂದರು. ಐವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯ.

"ಎಲ್ಲಿ, ನಮ್ಮನೆ ಕಾಣತ್ತೇನ್ರೀ ಅದ್ರಲ್ಲಿ?"

ತೋರಿಸಿದೆ. ಚುಕ್ಕೆ ಅವರ ಮನೆಯ ಮೇಲೆಯೇ ಬಿದ್ದಿತ್ತು.

"ಇದು ನಾನು ಮಲ್ಗೋ ರೂಮು," ಎಂದರು.

"ಜಿಪಿಎಸ್ ಸ್ವಲ್ಪ ಆಚೀಚೆ ಆಗತ್ತೆ ಸಾರ್," ಎಂದು ನಕ್ಕೆ.

ಅವರು ನಗಲಿಲ್ಲ. ಚುಕ್ಕೆಯ ಕೆಳಗೆ ಮರದ ಬಗ್ಗೆ ನಾನು ಬರೆದಿದ್ದನ್ನು ನಿಧಾನವಾಗಿ ಓದಿದರು: "ನೋಡಲು ಚೆನ್ನಾಗಿದೆ. ಒಳಗೆಲ್ಲ ಹರಡಿದೆ." ಆಮೇಲೆ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು.

"ನಿನ್ನೆ ತಾನೇ ನನ್ನ ಸ್ಕ್ಯಾನ್ ರಿಪೋರ್ಟ್ ಬಂತು. ಮನೇಲಿ ಇನ್ನೂ ಹೇಳಿಲ್ಲ. ನಿಮಗೆ ಯಾರ್ರೀ ಹೇಳಿದ್ದು?"

ತಡಬಡಾಯಿಸುತ್ತ ಚುಕ್ಕೆಯನ್ನು ಮರದ ಮೇಲಕ್ಕೆ ಎಳೆದು, ಸೇವ್ ಮಾಡಿ, ಅಲ್ಲಿಂದ ಕಾಲ್ಕಿತ್ತೆ.

ಮೂರು ತಿಂಗಳಾದ ಮೇಲೆ ಅದೇ ಮರ ನೋಡಲು ಮತ್ತೆ ಹೋಗಬೇಕಾಯಿತು. ಮರ ಹಸಿರಾಗಿಯೇ ನಿಂತಿತ್ತು. ಎದುರುಮನೆ ಗೇಟಿಗೆ ಬೀಗ ಬಿದ್ದಿತ್ತು. ಮ್ಯಾಪ್ ತೆರೆದರೆ, ಚುಕ್ಕೆ ಮತ್ತೆ ಆ ರೂಮಿನ ಮೇಲೆಯೇ ಕೂತಿತ್ತು. ಅದರ ಕೆಳಗೆ ಪ್ರಶ್ನೆ: "ಇನ್ನೂ ಇದೆಯೇ?" ಹೌದು, ಇಲ್ಲ ಎಂದು ಎರಡೇ ಬಟನ್.

ಗೊತ್ತಿಲ್ಲ ಅನ್ನುವವರಿಗೂ ಒಂದು ಬಟನ್ ಬೇಕೆಂದು ಆ್ಯಪ್ ಮಾಡಿದವರಿಗೆ ಹೊಳೆದೇ ಇಲ್ಲ. ಅವರು ಆ ಗೇಟಿನ ಮುಂದೆ ನಿಂತವರಲ್ಲ, ಬಿಡಿ.