ನೀರಿನಲ್ಲಿ ನಮ್ಮ ಪಾಲು

ನಾನು ಕೆಲಸ ಮಾಡುವುದು ಡಾಲಸ್‌ನ ಉತ್ತರಕ್ಕಿರುವ ಒಂದು ಊರಿನ ವಿದ್ಯುತ್ ವಿಭಾಗದಲ್ಲಿ. ಟೆಕ್ಸಸ್‌ನಲ್ಲಿ ಹೆಚ್ಚಿನ ಕಡೆ ಜನ ಕಂಪನಿಗಳಿಂದ ಕರೆಂಟು ಕೊಳ್ಳುತ್ತಾರೆ. ನಮ್ಮಂಥ ಕೆಲವು ಊರುಗಳು ಮಾತ್ರ ತಾವೇ ತಂದು ತಾವೇ ಹಂಚುತ್ತವೆ. ಯಾವ ಮೂಲದಿಂದ ಎಷ್ಟು ಕರೆಂಟು ಬಂದೀತು, ಅದನ್ನು ನಂಬಿಕೊಳ್ಳಬಹುದೇ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಕ್ಯಾರಲ್ಟನ್‌ನ ಮನೆಯಿಂದ ಆಫೀಸಿಗೆ ಇಪ್ಪತ್ತು ನಿಮಿಷದ ಡ್ರೈವ್. ಆ ಜಲಾಶಯದ ಫೈಲು ನನ್ನ ಮೇಜಿಗೆ ಬರುವ ತನಕ ಆ ಕೆಲಸದ ಬಗ್ಗೆ ಯಾರಿಗೂ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಪೂರ್ವಕ್ಕೆ ಎರಡು ಗಂಟೆ ದೂರದಲ್ಲಿ ಒಂದು ಹಳೆಯ ಅಣೆಕಟ್ಟು ಇದೆ. ಅದಕ್ಕೆ ಟರ್ಬೈನ್ ಕೂರಿಸಿ, ಜಲಾಶಯದ ನೀರನ್ನು ಈಗಿನದಕ್ಕಿಂತ ಕೆಲವು ಅಡಿ ಎತ್ತರಕ್ಕೆ ನಿಲ್ಲಿಸಿ, ಬರುವ ಕರೆಂಟನ್ನು ಹಂಚಿಕೊಳ್ಳುವುದೆಂದು ನಮ್ಮ ಊರೂ ಇನ್ನೆರಡು ಊರುಗಳೂ ಒಪ್ಪಂದ ಮಾಡಿಕೊಂಡಿದ್ದವು. ಕೆಲಸ ಶುರುವಾಗುವ ಮೊದಲೇ ಒಂದರ ಹಿಂದೊಂದು ಎರಡು ವರ್ಷ ಮಳೆ ಕೈಕೊಟ್ಟಿತು. ನೀರೇ ಇಲ್ಲದ ಮೇಲೆ ಕರೆಂಟು ಎಲ್ಲಿಂದ ಎಂದು ಸಿಟಿ ಕೌನ್ಸಿಲ್‌ನಲ್ಲಿ ಅನುಮಾನ ಎದ್ದಿತು. ನಮ್ಮ ಪಾಲನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಮತ್ತೊಮ್ಮೆ ಯೋಚಿಸಲು ತೀರ್ಮಾನಿಸಿದರು. ವರದಿ ಬರೆಯುವುದು ನನ್ನ ಪಾಲಿಗೆ ಬಂತು.

ಅಂದು ಸಂಜೆ ಮನೆಗೆ ಬಂದು, ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ಅವ್ವನಿಗೆ ಹೇಳಿದೆ. ಅವ್ವ ವರ್ಷದಲ್ಲಿ ಅರ್ಧ ನನ್ನ ಬಳಿ, ಅರ್ಧ ಶುಗರ್ ಲ್ಯಾಂಡ್ ಎಂಬ ಊರಿನಲ್ಲಿ ನನ್ನ ಅಣ್ಣನ ಬಳಿ ಇರುತ್ತಾಳೆ. ನನ್ನ ಕೆಲಸದ ಮಾತು ಬಂದರೆ ಸಾಮಾನ್ಯವಾಗಿ ಹೂಂ ಎಂದು ಸುಮ್ಮನಾಗುವವಳು. ಅಂದು ಕೈ ನಿಲ್ಲಿಸಿ, ತಲೆ ಎತ್ತದೆ ಕೇಳಿದಳು.

“ಎಷ್ಟು ಮೀಟರ ಏರಸ್ತಾರ?”

ನಾವು ಬಾಗಲಕೋಟೆಯವರು. ಹಿನ್ನೀರಿನಲ್ಲಿ ಮುಳುಗಿದ ಹಳೆಯ ಬಾಗಲಕೋಟೆಯವರು. ಅಣೆಕಟ್ಟಿನ ಎತ್ತರ ಇಷ್ಟು ಮೀಟರಾದರೆ ಯಾವ ಓಣಿ ಹೋಗುತ್ತದೆ, ಇನ್ನೊಂದು ಮೀಟರ್ ಏರಿದರೆ ಯಾವ ಗುಡಿ ಹೋಗುತ್ತದೆ ಎಂದು ನಮ್ಮಲ್ಲಿ ಸಣ್ಣ ಹುಡುಗಿಯರಿಗೂ ಬಾಯಿಪಾಠವಾಗಿತ್ತು.

ನನ್ನ ಅಪ್ಪ ಆಗ ಮುಳುಗಡೆ ಆಫೀಸಿನಲ್ಲಿ ಗುಮಾಸ್ತರು. ಮನೆಮನೆಗೆ ಹೋಗಿ ಗೋಡೆ ಅಳೆದು, ಕಿಟಕಿ ಬಾಗಿಲು ಎಣಿಸಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ಬಾಗಿಲ ಪಕ್ಕ ಕೆಂಪು ಬಣ್ಣದಲ್ಲಿ ನಂಬರು ಹಾಕುವ ತಂಡದಲ್ಲಿದ್ದರು. ನಾನು ಹೈಸ್ಕೂಲಿನಲ್ಲಿದ್ದೆ. ಶಾಲೆಯಿಂದ ಬರುವಾಗ ಒಂದೊಂದು ದಿನ ಒಂದೊಂದು ಓಣಿ ಕೆಂಪಾಗಿರುತ್ತಿತ್ತು.

ನಮ್ಮ ಎದುರಿನ ಮನೆಯಲ್ಲಿ ಒಬ್ಬಳೇ ಇದ್ದ ಮುದುಕಿಯನ್ನು ಓಣಿಯವರೆಲ್ಲ ಕಾಕು ಎನ್ನುತ್ತಿದ್ದರು. ಅಪ್ಪ ಟೇಪು ಹಿಡಿದು ಅವಳ ಕಟ್ಟೆಯ ಹತ್ತಿರ ಹೋದಾಗ ಅವಳು ಅಡ್ಡ ನಿಂತಳು. ನನ್ನ ಮನೆ ಬರೆದುಕೊಳ್ಳಬೇಡ ಎಂದಳು. ಬರೆಯದಿದ್ದರೆ ಹೊಸದಾಗಿ ಕಟ್ಟುತ್ತಿರುವ ನವನಗರದಲ್ಲಿ ನಿಮಗೆ ಜಾಗ ಸಿಗುವುದಿಲ್ಲ ಎಂದು ಅಪ್ಪ ತಿಳಿಸಿ ಹೇಳಿದರು. ಅವಳು ಕೇಳಲಿಲ್ಲ. ಮೂರು ದಿನ ಬಿಟ್ಟು, ಅವಳು ಗುಡಿಗೆ ಹೋದ ಹೊತ್ತು ನೋಡಿ ಅಪ್ಪ ಹೊರಗಿನಿಂದಲೇ ಗೋಡೆ ಅಳೆದರು, ಒಳಗಿನದನ್ನು ಕಣ್ಣಂದಾಜಿನಲ್ಲಿ ಬರೆದರು, ನಂಬರು ಹಾಕಿಸಿದರು. ಅವಳ ಒಳ್ಳೆಯದಕ್ಕೇ ಮಾಡಿದರು. ಟೇಪಿನ ಇನ್ನೊಂದು ತುದಿ ಹಿಡಿದವಳು ನಾನು.

ಆಮೇಲೆ ಕಾಕು ನಮ್ಮೊಡನೆ ಮಾತು ಬಿಟ್ಟಳು. ಜನ ಹೋಗುವಾಗ ಬಾಗಿಲು, ಚೌಕಟ್ಟು, ತೊಲೆ ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋದರು. ನಾವೂ ಹೋದೆವು. ಕಾಕುವನ್ನು ಅವಳ ತಮ್ಮನ ಮಕ್ಕಳು ಬಂದು ನವನಗರಕ್ಕೆ ಕರೆದೊಯ್ದರು. ಆದರೆ ಅವಳು ದಿನಾ ಬೆಳಿಗ್ಗೆ ನಡೆದು ಬಂದು, ಚಾವಣಿ ಇಲ್ಲದ ತನ್ನ ಮನೆಯ ಕಟ್ಟೆಯ ಮೇಲೆ ಕೂತು, ಬಿಸಿಲು ಏರಿದ ಮೇಲೆ ಹಿಂದಿರುಗುತ್ತಿದ್ದಳು. ಓಣಿಗೆ ನೀರು ಬಂದ ದಿನವೂ ಕೂತೇ ಇದ್ದಳು. ಸುದ್ದಿ ತಿಳಿದು ಅಪ್ಪ ನನ್ನನ್ನೂ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದರು. ನೀರು ಕಟ್ಟೆಯ ಕೆಳಗಿನ ಮೆಟ್ಟಿಲನ್ನು ಮುಚ್ಚಿತ್ತು. ಅಪ್ಪ ಧೋತರ ಎತ್ತಿ ಕಟ್ಟಿ ನೀರಿಗಿಳಿದು ಕೈ ಚಾಚಿದರು. ಕಾಕು ಅವರ ಕೈ ಹಿಡಿದೇ ಇಳಿದಳು. ಇಳಿದು ಹೇಳಿದಳು:

“ನೀ ಬರೀಲಿಲ್ಲಂದ್ರ ಈ ನೀರು ಬರ್ತಿದ್ದಿಲ್ಲೋ ತಮ್ಮಾ.”

ಸಿಟ್ಟಿನಿಂದ ಹೇಳಿದ್ದಲ್ಲ. ಗೊತ್ತಿದ್ದ ಸಂಗತಿ ತಿಳಿಸಿದ ಹಾಗೆ ಹೇಳಿದಳು. ಆ ಮಳೆಗಾಲ ಮುಗಿಯುವುದರೊಳಗೆ ಹೊಸ ಮನೆಯಲ್ಲಿ ತೀರಿಕೊಂಡಳು.

ಮಾರ್ಚ್ ತಿಂಗಳಲ್ಲಿ ನಾನು ಆ ಜಲಾಶಯ ನೋಡಲು ಹೋದೆ. ನಮ್ಮ ವಿಭಾಗದ ಮೇಲಧಿಕಾರಿ ಅಣೆಕಟ್ಟಿನ ಹತ್ತಿರ ಎಂಜಿನಿಯರುಗಳೊಡನೆ ಉಳಿದರು. ನಾನು ನಕ್ಷೆ ಹಿಡಿದು ಒಬ್ಬಳೇ ಜಲಾಶಯದ ಮೇಲ್ತುದಿಗೆ ಡ್ರೈವ್ ಮಾಡಿದೆ. ಅಲ್ಲಿ ಹಳೆಯ ರಸ್ತೆಯೊಂದು ನೇರವಾಗಿ ನೀರಿನೊಳಗೆ ಇಳಿದುಹೋಗುತ್ತದೆ. ಬರಗಾಲದಿಂದ ನೀರು ಹಿಂದೆ ಸರಿದಿತ್ತು. ದಂಡೆಯಿಂದ ಸ್ವಲ್ಪ ದೂರದಲ್ಲಿ ಸಿಮೆಂಟಿನ ಒಂದು ಮೆಟ್ಟಿಲು ಮಾತ್ರ ನೀರಿನಿಂದ ಮೇಲೆದ್ದು ನಿಂತಿತ್ತು, ಯಾವುದೋ ಮನೆಯದು. ನಡುಮಧ್ಯಾಹ್ನದ ಬಿಸಿಲು. ಆ ಮೆಟ್ಟಿಲ ಮೇಲೆ ತಲೆತುಂಬ ಸೆರಗು ಹೊದ್ದು, ಮೊಣಕಾಲು ತಬ್ಬಿ ಒಬ್ಬಳು ಕೂತಿದ್ದಳು. ನಾನು ಕಾರಿನ ಬಾಗಿಲು ಹಿಡಿದುಕೊಂಡು ನಿಂತೆ. ಕಣ್ಣು ಮುಚ್ಚಿ ತೆರೆದರೂ ಇದ್ದಳು. ಆಮೇಲೆ ಗಾಳಿ ಬೀಸಿ ನೀರು ಮಿನುಗಿತು. ಬರೀ ಮೆಟ್ಟಿಲು ಉಳಿಯಿತು.

“ಅದು ನಮ್ಮ ಅಜ್ಜಿಯ ಮನೆ” ಎಂದಿತು ಹಿಂದಿನಿಂದ ಒಂದು ದನಿ.

ಎಂಬತ್ತು ದಾಟಿದ, ಎತ್ತರದ ಕರಿಯ ಮುದುಕ. ಕೈಯಲ್ಲಿ ಬಗ್ಗಿಸಿದ ಎರಡು ತಂತಿಗಳಿದ್ದವು. ಗುಲಾಮಗಿರಿಯಿಂದ ಬಿಡುಗಡೆಯಾದ ಜನ ಕಟ್ಟಿಕೊಂಡ ಹಳ್ಳಿ ಅದಂತೆ. ಅಣೆಕಟ್ಟು ಬಂದಾಗ ಅವನಿನ್ನೂ ಚಿಕ್ಕವನು. ಮನೆಗಳೂ ಚರ್ಚೂ ಮುಳುಗಿದವು. ದಿಬ್ಬದ ಮೇಲಿದ್ದ ಸ್ಮಶಾನ ಮಾತ್ರ ಉಳಿದಿತ್ತು, ಅದನ್ನು ಅವನೇ ನೋಡಿಕೊಳ್ಳುತ್ತಿದ್ದ. ನೀರು ಇನ್ನು ಕೆಲವು ಅಡಿ ಏರಿದರೆ ಅದೂ ಮುಳುಗುತ್ತದೆ. ಕಲ್ಲಿರುವ ಗೋರಿಗಳು ಹತ್ತಿಪ್ಪತ್ತು. ಕಲ್ಲಿಲ್ಲದವು ಎಷ್ಟೋ. ತಂತಿಗಳನ್ನು ಎರಡೂ ಕೈಯಲ್ಲಿ ಸಡಿಲವಾಗಿ ಹಿಡಿದು ನಡೆದರೆ, ಕೆಳಗೆ ಯಾರಾದರೂ ಮಲಗಿರುವಲ್ಲಿ ಅವು ತಾವಾಗಿ ತಿರುಗಿ ಒಂದಕ್ಕೊಂದು ಅಡ್ಡಬರುತ್ತವೆ ಎಂದು ಅವನ ನಂಬಿಕೆ. ಹಾಗೆ ಸಿಕ್ಕ ಕಡೆಯಲ್ಲೆಲ್ಲ ಕಿತ್ತಳೆ ಬಣ್ಣದ ಪುಟ್ಟ ಬಾವುಟ ನೆಟ್ಟಿದ್ದ. ದಿಬ್ಬದ ತುಂಬ ಬಾವುಟಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು.

ನಿಮ್ಮ ನಕ್ಷೆಯಲ್ಲಿ ಈ ಜಾಗ ಏನೆಂದಿದೆ ಎಂದು ಕೇಳಿದ. ತೋರಿಸಿದೆ. ಹುಲ್ಲುಗಾವಲು ಎಂದಿತ್ತು. ಅವನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡ.

“ಹೋದ ಸಲ ನಮ್ಮನ್ನು ಯಾರೂ ಬರೆದುಕೊಳ್ಳಲಿಲ್ಲ ಮ್ಯಾಮ್. ಈ ಸಲ ನೀವು ಬರೆದುಕೊಳ್ಳಿ.”

ಪೆನ್ನು ಕೈಯಲ್ಲೇ ಇತ್ತು. ಮುಚ್ಚಳ ತೆಗೆದು ಮತ್ತೆ ಹಾಕಿದೆ. ಅವನು ನಿಮಗೆ ಹುಷಾರಿಲ್ಲವೇ ಎಂದು ಕೇಳಿದ. ಆಮೇಲೆ ಅವನ ಹಿಂದೆ ನಡೆಯುತ್ತ, ಒಂದೊಂದು ಬಾವುಟವನ್ನೂ ನಕ್ಷೆಯ ಮೇಲೆ ಚುಕ್ಕೆಯಾಗಿ ಗುರುತಿಸಿದೆ. ಗೊತ್ತಿದ್ದ ಕಡೆ ಅವನು ಹೆಸರು ಹೇಳಿದ. ಗೊತ್ತಿಲ್ಲದ ಕಡೆ ಟೋಪಿ ತೆಗೆದು ಒಂದು ಕ್ಷಣ ನಿಂತು ಮುಂದೆ ಹೋದ.

ಮೇಲಧಿಕಾರಿ ಕೆಟ್ಟವರಲ್ಲ. ಗೋರಿಗಳ ವಿಷಯ ಜಲಾಶಯದವರಿಗೆ ಸೇರಿದ್ದು, ನಮ್ಮ ಪ್ರಶ್ನೆ ಕರೆಂಟಿನದು ಮಾತ್ರ ಎಂದರು. ನಾನು ಬಿಡಲಿಲ್ಲ. ಕೊನೆಗೆ ಅನುಬಂಧದಲ್ಲಿ ಹಾಕು ಎಂದು ಒಪ್ಪಿದರು.

ವರದಿ ಬರೆಯುತ್ತಿದ್ದ ಆ ವಾರಗಳಲ್ಲಿ ಕಾಕು ನನ್ನನ್ನು ಬಿಡಲಿಲ್ಲ. ಆಫೀಸಿನ ಏಸಿ ಗಾಳಿಯಲ್ಲಿ ಇದ್ದಕ್ಕಿದ್ದಂತೆ ಒದ್ದೆ ಮಣ್ಣಿನ ಗೋಡೆಯ ವಾಸನೆ ಬರುತ್ತಿತ್ತು. ಪಕ್ಕದವರನ್ನು ಕೇಳಿದರೆ ಏನೂ ಇಲ್ಲ ಎನ್ನುತ್ತಿದ್ದರು. ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿಯಲ್ಲಿ ಸೊಪ್ಪು ಆರಿಸುತ್ತಿದ್ದ ಮುದುಕಿಯ ಬೆನ್ನು ನೋಡಿ, ಅವಳ ಹಿಂದೆಯೇ ಅಕ್ಕಿಯ ಸಾಲಿನ ತನಕ ಹೋದೆ. ತಿರುಗಿದಾಗ ಬೇರೆ ಯಾರೋ. “ಏನು ಬೇಕಿತ್ತಮ್ಮಾ?” ಎಂದರು. ಏನಿಲ್ಲ ಆಂಟಿ, ಗೊತ್ತಿದ್ದವರು ಅಂದುಕೊಂಡೆ ಎಂದೆ.

ಕೌನ್ಸಿಲ್ ಸಭೆಗೆ ಮುದುಕ ಸೂಟು ಹಾಕಿಕೊಂಡು ಬಂದಿದ್ದ. ಸಾರ್ವಜನಿಕರಿಗೆ ತಲೆಗೆ ಮೂರು ನಿಮಿಷ. ಅವನು ವಾದ ಮಾಡಲಿಲ್ಲ, ಕಾಗದ ತೆಗೆದು ಹೆಸರುಗಳನ್ನು ಓದತೊಡಗಿದ. ಇನ್ನೂ ಅರ್ಧದಲ್ಲಿರುವಾಗ ಗಂಟೆ ಹೊಡೆಯಿತು. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋಗಿ ಕೂತ. ಸದಸ್ಯರು ನನ್ನನ್ನು ಕೇಳಿದ್ದೆಲ್ಲ ಮಳೆಯ ಬಗ್ಗೆ. ನೀರು ಇಳಿದ ವರ್ಷ ಟರ್ಬೈನ್ ಎಷ್ಟು ದಿನ ನಿಲ್ಲುತ್ತದೆ, ಸೆಕೆ ಹೆಚ್ಚಿದ ದಿನ ಅದನ್ನು ನಂಬಬಹುದೇ. ನಂಬಲಾಗದು ಎಂದು ಹೇಳಿದೆ. ಅದು ನಿಜವೂ ಆಗಿತ್ತು. ನಮ್ಮ ಊರಿನ ಪಾಲನ್ನು ಬಿಡುವುದೆಂದು ಮತ ಬಿತ್ತು.

ಹೊರಗೆ ಅವನು ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ನೀವು ಬರೆದಿರಿ, ಅದಕ್ಕೇ ಅವರು ಬಿಟ್ಟರು ಎಂದ. ಅನುಬಂಧವನ್ನು ಒಬ್ಬರೂ ತೆರೆದಿರಲಿಲ್ಲ. ಅದನ್ನು ಹೇಳಬೇಕಿತ್ತು. ಹೇಳಲಿಲ್ಲ. ಆ ಸಂಜೆ ಆ ಖುಷಿಯಲ್ಲಿ ನನಗೂ ಒಂದು ಪಾಲು ಬೇಕಾಗಿತ್ತು.

ಎರಡು ತಿಂಗಳ ಮೇಲೆ ಪಾಲು ಬಿಡುವ ಕಾಗದಪತ್ರಕ್ಕೆಂದು ಆಸ್ಟಿನ್‌ಗೆ ಹೋದೆ. ಮೂರೂ ಊರಿನವರು ಒಂದು ಮೇಜಿನ ಸುತ್ತ ಕೂತೆವು. ನಾವು ಬಿಟ್ಟ ಪಾಲನ್ನು ಮಿಕ್ಕ ಎರಡು ಊರುಗಳು ಹಂಚಿಕೊಂಡವು. ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಯೋಜನೆಗೆ ಏನೂ ಆಗಲಿಲ್ಲ. ನೀರು ಮೊದಲು ಹೇಳಿದಷ್ಟೇ ಎತ್ತರಕ್ಕೆ ಏರುತ್ತದೆ. ನಾವು ಅದರಿಂದ ಆಚೆ ಬಂದೆವು, ಅಷ್ಟೇ.

ಡಾಲಸ್‌ಗೆ ಹಿಂದಿರುಗುವಾಗ ದಾರಿಯಲ್ಲಿ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ಅವನಿಗೆ ಫೋನ್ ಮಾಡಿದೆ. ಪಾಲು ಬೇರೆಯವರಿಗೆ ಹೋಯಿತು ಎಂದೆ. ಸಭೆಯ ದಿನ ಹೇಳದೆ ಉಳಿಸಿಕೊಂಡದ್ದನ್ನೂ ಹೇಳಿದೆ. ಅವನು ಕೇಳಿದ್ದು ಒಂದೇ: ನೀರು ಯಾವಾಗ ಏರುತ್ತದೆ?

ಮನೆಗೆ ಬಂದು ಅವ್ವನ ಮುಂದೆ ಅತ್ತೆ. ಕಾಕು ಅಂದು ಹೇಳಿದ್ದನ್ನು ಅವ್ವನಿಗೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವ್ವನಿಗೆ ಅದು ಮೊದಲೇ ಗೊತ್ತಿತ್ತು.

“ನಿಮ್ಮಪ್ಪ ಆಮ್ಯಾಲೆ ಮನ್ಯಾಗ ಏನೂ ಬರೀಲಿಲ್ಲ. ನಿನಗ ನೆನಪೈತೇನು?” ಎಂದಳು.

ನೆನಪಿತ್ತು. ಅಪ್ಪನ ಕಣ್ಣು ಮಂದವಾಗಿದೆ ಎಂದು ಮನೆಯ ಪತ್ರ, ಅರ್ಜಿ, ರೇಷನ್ ಕಾರ್ಡಿನ ಫಾರ್ಮು ಎಲ್ಲ ನನ್ನ ಕೈಯಲ್ಲೇ ಬರೆಸುತ್ತಿದ್ದರು. ಪಕ್ಕದಲ್ಲಿ ಕೂತು ಒಂದೊಂದು ಮಾತನ್ನೂ ಹೇಳಿಕೊಡುತ್ತಿದ್ದರು. ನಾನು ಈ ಕೆಲಸಕ್ಕೆ ಬರಲು ಆ ಅಭ್ಯಾಸವೂ ಒಂದು ಕಾರಣವಿರಬೇಕು.

“ಕಣ್ಣು ಛಲೋನ ಇದ್ದೂವು” ಎಂದಳು ಅವ್ವ. “ಕೈ ನಡಗತಿತ್ತು. ಪೆನ್ ಹಿಡದ್ರ ಕಾಕು ಬಾಗಲದಾಗ ಬಂದು ನಿಂದರ್ತಾಳ ಅಂತಿದ್ರು. ಬರೀದಿದ್ರೂ ನೀರು ಬರ್ತಿತ್ತು ಅಂತ ನಾ ಎಷ್ಟ ಸಲ ಹೇಳೀನೋ. ಸಾಯೂತನಕ ಕೇಳಲಿಲ್ಲ.”

ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅಪ್ಪನ ಬಾಗಿಲಲ್ಲಿ ನಿಂತವಳು ಆ ಪೆನ್ನಿನ ಜೊತೆಗೇ ನನ್ನ ಕೈಗೆ ದಾಟಿದ್ದಳೆಂದು ಅಂದು ತಿಳಿಯಿತು. ತಿಳಿದದ್ದರಿಂದ ಅವಳು ಹೋದಳು ಎಂದರೆ ಸುಳ್ಳಾಗುತ್ತದೆ.

ಆದರೆ ನಾನು ಬರೆದದ್ದು ಪೂರ್ತಿ ವ್ಯರ್ಥವಾಗಲಿಲ್ಲ. ಒಂದು ಊರಿನ ಕಡತದಲ್ಲಿ ಚುಕ್ಕೆಗಳ ನಕ್ಷೆ ಸೇರಿದ್ದರಿಂದ, ಇಲ್ಲಿ ಹುಲ್ಲು ಮಾತ್ರ ಇದೆ ಎನ್ನಲು ಯಾರಿಗೂ ಆಗಲಿಲ್ಲ. ಗೋರಿಗಳನ್ನು ಅಗೆದು ಬೇರೆಡೆಗೆ ಸಾಗಿಸಬೇಕೆಂದು ತೀರ್ಮಾನವಾಯಿತು. ಅಕ್ಟೋಬರಿನ ಒಂದು ಶನಿವಾರ, ಕೊನೆಯ ದಿನ, ನಾನು ಹೊರಟಾಗ ಅವ್ವ ತಾನೂ ಬರುತ್ತೇನೆಂದು ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಕಾರಿನಲ್ಲಿ ಕೂತಳು.

ಬಿಳಿ ಟೆಂಟುಗಳ ಕೆಳಗೆ ಕೆಲಸಗಾರರು ಚಿಕ್ಕ ಕರಣೆಗಳಲ್ಲಿ ಮಣ್ಣು ಕೆರೆಯುತ್ತಿದ್ದರು. ಕಲ್ಲಿಲ್ಲದ ಹೆಚ್ಚಿನ ಗೋರಿಗಳಲ್ಲಿ ಹೆಚ್ಚೇನೂ ಉಳಿದಿರಲಿಲ್ಲ: ಮನುಷ್ಯನ ಉದ್ದಕ್ಕೆ ಕಪ್ಪಾದ ಮಣ್ಣು, ಅಂಗಿಯ ಒಂದೆರಡು ಗುಂಡಿ, ತುಕ್ಕು ಹಿಡಿದ ಮೊಳೆ. ಆ ಕಪ್ಪು ಮಣ್ಣನ್ನೇ ಪೆಟ್ಟಿಗೆಯಲ್ಲಿ ತುಂಬಿದರು. ಮುದುಕನ ಕೆಲವು ಬಾವುಟಗಳ ಕೆಳಗೆ ಯಾರೂ ಇರಲಿಲ್ಲ. ಬಾವುಟವಿಲ್ಲದ ಕಡೆ ಕೆಲವರು ಸಿಕ್ಕಿದರು. ತಂತಿ ತಪ್ಪಿತು ಎಂದು ಅವನು ನೊಂದುಕೊಂಡ.

ಅವ್ವ ಅವನ ಪಕ್ಕದ ಮಡಚುವ ಕುರ್ಚಿಯಲ್ಲಿ ಕೂತಳು. ಅವಳಿಗೆ ಇಂಗ್ಲಿಷ್ ಬಾರದು. ಯಾವ ಊರು ಎಂದು ಅವನು ನನ್ನ ಮೂಲಕ ಕೇಳಿದ. ನಮ್ಮ ಊರೂ ನೀರಾಗ ಐತಿ ಅಂತ ಹೇಳು ಎಂದಳು. ಹೇಳಿದೆ. ಅವನು ತಲೆಯಾಡಿಸಿ, ತನ್ನ ಥರ್ಮಾಸಿನ ಮುಚ್ಚಳದಲ್ಲಿ ಅವಳಿಗೆ ಕಾಫಿ ಬಗ್ಗಿಸಿಕೊಟ್ಟ. ಬೇರೆಯವರ ಲೋಟ ಮುಟ್ಟದ ಅವ್ವ ಅದನ್ನು ಕುಡಿದಳು.

ಸಂಜೆಯಾಗುವ ಮೊದಲು ಪೆಟ್ಟಿಗೆಗಳು ವ್ಯಾನಿಗೆ ಹೋದವು. ಟೆಂಟು ಕಳಚಿದರು. ಎಲ್ಲರೂ ಹೊರಗೆ ಬಂದ ಮೇಲೆ ಮುದುಕ ಸ್ಮಶಾನದ ಕಬ್ಬಿಣದ ಗೇಟು ಎಳೆದುಕೊಂಡು, ಜೇಬಿನಿಂದ ಕೀಲಿಕೈ ತೆಗೆದು ಬೀಗ ಹಾಕಿದ. ಹಾಕಿ ಒಮ್ಮೆ ಎಳೆದು ನೋಡಿದ. ಒಳಗೆ ಅಗೆದ ಗುಂಡಿಗಳ ಹೊರತು ಏನೂ ಇರಲಿಲ್ಲ. ಅವನಿಗೂ ಆಗಲೇ ಅದು ಹೊಳೆದಿರಬೇಕು. ಕೀಲಿಕೈ ಹಿಡಿದು ಗೇಟಿನ ಮುಂದೆ ಹಾಗೇ ನಿಂತುಬಿಟ್ಟ.

ಮುಂದಿನ ವಸಂತದಲ್ಲಿ ಮಳೆ ಚೆನ್ನಾಗಿ ಬಂತು, ನೀರು ಏರಿತು. ಕೆಲವು ವಾರ ಗೇಟಿನ ಮೇಲಿನ ಸರಳುಗಳು ನೀರಿನಿಂದ ಹೊರಗೆ ಕಾಣುತ್ತಿದ್ದವಂತೆ. ಅವನೇ ಫೋನ್ ಮಾಡಿ ಹೇಳಿದ. ಈಗ ಅವೂ ಕಾಣುವುದಿಲ್ಲ.