ಐರನ್ ಥ್ರೀ ಆಕ್ಸೈಡ್

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಹುಬ್ಬನ್ನು ನಾನು ಒಡೆದಿದ್ದೇನೆ. ಬೋರ್ಡು ಒರೆಸುವ ಡಸ್ಟರಿನ ಮರದ ಅಂಚಿನಿಂದ. ಗುಂಡ್ಲುಪೇಟೆ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಲು ಸೇರಿ ಆಗ ನನಗೆ ಎರಡನೇ ವರ್ಷ.

ಹೊಡೆಯುವುದನ್ನು ನಾನು ಪಾಠದ ಜೊತೆಯಲ್ಲೇ ಕಲಿತಿದ್ದೆ. ಚಾಮರಾಜನಗರದಲ್ಲಿ ಓದುವಾಗ ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬೆರಳ ಗೆಣ್ಣಿಗೆ ಬಿಡುತ್ತಿದ್ದರು. ಕ್ಯಾಲ್ಸಿಯಂ ಕ್ಲೋರೈಡ್‌ನ ಕೊನೆಯ ಸಣ್ಣ ಎರಡನ್ನು ಮರೆತರೆ ಎರಡು ಏಟು, ಅಲ್ಯೂಮಿನಿಯಂ ಕ್ಲೋರೈಡ್‌ನ ಮೂರನ್ನು ಮರೆತರೆ ಮೂರು. ಗೆಣ್ಣು ಊದಿ ಮುದ್ದೆ ಮುರಿಯಲಾಗದ ದಿನಗಳಿದ್ದವು. ಸೂತ್ರಗಳೆಲ್ಲ ತಲೆಯಲ್ಲಿ ಕೂತವು. ಯಾಕೆ ಹಾಗೆ ಬರೆಯಬೇಕು ಎನ್ನುವುದು ಮಾತ್ರ ಕೂರಲಿಲ್ಲ. ಅದನ್ನು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಈ ಹುಡುಗಿಗೆ ಇತ್ತು. ಅವತ್ತು ಹೆಡ್‌ಮಾಸ್ಟರು ನನ್ನ ಪಾಠ ನೋಡಲೆಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅಯಾನಿಕ ಸಂಯುಕ್ತಗಳಿಗೆ ಹೆಸರಿಡುವ ಪಾಠ. ಬೋರ್ಡಿನ ಮೇಲೆ Fe₂O₃ ಬರೆದು ಹೆಸರು ಕೇಳಿದೆ. ಅವಳು ಎದ್ದು ಐರನ್ ಟೂ ಆಕ್ಸೈಡ್ ಎಂದಳು. ತಪ್ಪು, ಐರನ್ ಥ್ರೀ ಆಕ್ಸೈಡ್ ಎಂದೆ. ಅವಳು ಕೂರಲಿಲ್ಲ.

"ಐರನ್ ಎರಡೇ ಐತಲ್ಲ ಮಿಸ್. ಮೂರು ಇರದು ಆಕ್ಸಿಜನ್ನು. ಅದ್ರ ಮೂರ್ನ ತಗಂಡೋಗಿ ಐರನ್ಗ್ಯಾಕೆ ಹಾಕ್ಬೇಕು?"

ಸಾವಿರ ಸಲ ಬರೆದ ಹೆಸರದು. ಯಾಕೆ ಹಾಗೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ರೂಲು ಇರುವುದೇ ಹಾಗೆ ಎಂದೆ. ರೂಲು ಯಾಕೆ ಹಾಗೆ ಎಂದಳು. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ಟರು ಪೆನ್ನು ಎತ್ತಿದ್ದು ಕಾಣಿಸಿತು. ನಾನು ಅವಳ ಜಡೆ ಹಿಡಿದು ಬೋರ್ಡಿನ ತನಕ ಎಳೆದು ತಂದೆ. ಹಣೆಯನ್ನು ಆ ಸೂತ್ರಕ್ಕೆ ಒತ್ತಿ, ಓದು, ಏನಿದೆ ಓದು ಎಂದು ಬೆನ್ನಿಗೆ ಗುದ್ದಿದೆ. ಅವಳು ಮುಖ ತಿರುಗಿಸಿದಾಗ ಕೈಯಲ್ಲಿದ್ದ ಡಸ್ಟರು ಹುಬ್ಬಿಗೆ ಬಿತ್ತು. ಕೈತಪ್ಪಿ ಬಿತ್ತು ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಕೈ ತಪ್ಪಿರಲಿಲ್ಲ. ರಕ್ತ ಕಣ್ಣಿಗಿಳಿದು ಗಲ್ಲದಿಂದ ತೊಟ್ಟಿಕ್ಕಿತು.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿದರು. ಮೆಟ್ಟಿಲಿನಿಂದ ಬಿದ್ದಳು ಎಂದು ಹೆಡ್‌ಮಾಸ್ಟರು ಬರೆಸಿದರು. ನಾನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ.

ಮರುದಿನ ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಅವಳ ತಾಯಿ ಬಂದಳು. ತೆರಕಣಾಂಬಿ ಕಡೆಯ ಹೊಲಗಳಲ್ಲಿ ಚೆಂಡುಹೂ ಕೀಳುವ ಕೆಲಸದವಳು. ಹೇಳದೆ ಕೇಳದೆ ಒಳಗೆ ಬಂದು ನನ್ನ ಕೆನ್ನೆಗೆ ಹೊಡೆದಳು. ಎರಡನೇ ಏಟಿಗೆ ತುಟಿ ಒಡೆದು ಬಾಯಿ ತುಂಬ ಉಪ್ಪಾಯಿತು, ಮೂರನೆಯದಕ್ಕೆ ಮೇಜಿಗೆ ಬಡಿದು ಬಿದ್ದೆ. ಹೂವಿನ ಘಾಟು ನನ್ನ ಮುಖಕ್ಕೆಲ್ಲ ಅಂಟಿತ್ತು. ಇಬ್ಬರು ಮೇಷ್ಟ್ರುಗಳು ಓಡಿಬಂದು ಅವಳ ಕೈಗಳನ್ನು ಹಿಂದಕ್ಕೆ ತಿರುಚಿ ಗೋಡೆಗೆ ಒತ್ತಿ ಹಿಡಿದರು. ಅವಳು ಕೂಗಾಡಲಿಲ್ಲ.

"ಅವ್ರಪ್ಪನ ಹೊಡ್ತದಿಂದ ಉಳ್ಕಳ್ಳಿ ಅಂತ ಇಲ್ಲಿಗೆ ಕಳಿಸ್ತಿದ್ದೆ ಕಣಮ್ಮಿ. ನೀನೂ ಚಚ್ಚಾಕ್ಬುಟ್ರೆ ಇನ್ನೆಲ್ಲಿಗೆ ಕಳಿಸ್ಲಿ, ಹೇಳು."

ಹೆಡ್‌ಮಾಸ್ಟರು ಪೊಲೀಸರಿಗೆ ಫೋನು ಮಾಡಲು ಹೊರಟರು. ಬೇಡ ಎಂದೆ. ಹುಡುಗಿ ಬಿದ್ದದ್ದಲ್ಲ, ನಾನೇ ಹೊಡೆದೆ ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿ ಅವರ ಮೇಜಿನ ಮೇಲಿಟ್ಟೆ. ಮುಂದೆ ವಿಚಾರಣೆ ನಡೆದು ನನ್ನ ವೇತನ ಬಡ್ತಿ ನಿಂತಿತು. ಸ್ಟಾಫ್ ರೂಮಿನಲ್ಲಿ ಎಷ್ಟೋ ದಿನ ಯಾರೂ ಮಾತಾಡಿಸಲಿಲ್ಲ.

ಹುಡುಗಿ ಕೇಳಿದ ಆ ಪ್ರಶ್ನೆ ಹಾಗೇ ಉಳಿದಿತ್ತು. ಕಾಲೇಜಿನ ಹಳೆಯ ಪುಸ್ತಕ ತೆಗೆದು ಕೂತೆ. ಉತ್ತರ ಸಿಗಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಹೊಡೆದ ವಾರದ ಭಾನುವಾರವೇ ಹುಡುಗಿಯ ಮನೆಗೆ ಹೋದೆ. ತಾಯಿ ಬಾಗಿಲಿಗೆ ಅಡ್ಡ ನಿಂತಳು, ಒಳಗೆ ಬಿಡಲಿಲ್ಲ. ಜಗಲಿಯ ಮೇಲೆಯೇ ಕೂತು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ. ಒಂದೊಂದು ಆಕ್ಸಿಜನ್ನಿಗೆ ಎರಡು ಋಣ ವಿದ್ಯುದಾವೇಶ, ಮೂರು ಸೇರಿ ಆರು. ಅದನ್ನು ಸರಿದೂಗಿಸಲು ಎರಡು ಕಬ್ಬಿಣಗಳು ಆರು ಧನ ಆವೇಶ ಹೊರಬೇಕು, ತಲೆಗೆ ಮೂರು. ಹೆಸರಿನ ಮೂರು ಅದು. ಎಷ್ಟು ಕಬ್ಬಿಣವಿದೆ ಎನ್ನುವ ಲೆಕ್ಕವಲ್ಲ, ಒಂದೊಂದರ ಮೇಲೆ ಎಷ್ಟು ಆವೇಶವಿದೆ ಎನ್ನುವುದು. ಹುಬ್ಬಿನ ಮೇಲೆ ಪಟ್ಟಿ ಕಟ್ಟಿಕೊಂಡೇ ಅವಳು ನೋಡಿದಳು. FeO ಆದ್ರೆ ಐರನ್ ಟೂ ಅಲ್ವಾ ಎಂದು ತಾನೇ ಕೇಳಿದಳು. ಹೌದು ಎಂದೆ. ಪೆನ್ನನ್ನು ನನಗೆ ವಾಪಸ್ಸು ಕೊಟ್ಟಳು.

"ಇಷ್ಟಕ್ಕಾ ಮಿಸ್ ಹೊಡ್ದಿದ್ದು?"

ತಪ್ಪಾಯಿತು ಎಂದೆ.

ಹತ್ತು ದಿನದ ಮೇಲೆ ಶಾಲೆಗೆ ಬಂದಳು. ಸೂತ್ರಗಳನ್ನು ತಪ್ಪಿಲ್ಲದೆ ಬರೆದಳು, ಹತ್ತನೇ ತರಗತಿಯನ್ನು ಒಳ್ಳೆಯ ಅಂಕಗಳಲ್ಲಿ ಪಾಸು ಮಾಡಿದಳು. ಆದರೆ ನಾನು ಸುಮ್ಮನೆ ಪುಸ್ತಕ ಹಿಡಿದು ಅವಳ ಬೆಂಚಿನ ಪಕ್ಕ ಹಾದುಹೋದರೂ ಅವಳ ಎಡಗೈ ತಾನಾಗಿ ಮೇಲೆದ್ದು ಮುಖಕ್ಕೆ ಅಡ್ಡ ಬರುತ್ತಿತ್ತು. ಶಾಲೆ ಬಿಟ್ಟು ಹೋಗುವ ದಿನದವರೆಗೂ ಅದು ನಿಲ್ಲಲಿಲ್ಲ.